ಲೆಕ್ಕ ಒಪ್ಪಿಸುವ ದಿನ: ವಾಹನ ದುರಸ್ತಿ, ಸರ್ಕಾರಿ ಸಂಸ್ಥೆ ಮತ್ತು ಶಾಸನಸಭೆ

(ನಮ್ಮ ಬಳಗದ ಮಳೆಗಾಲಪೂರ್ವ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಡು, ಹಳ್ಳ, ಬೆಟ್ಟದ ಸೊಪ್ಪು, ಅಡಿಕೆ ತೋಟ ಇವುಗಳ ಕುರಿತು ಚಿಂತಿಸುವ ಈ ಶಿಬಿರದಲ್ಲಿ ಗ್ಯಾರೇಜುಗಳ ವಿಷಯವನ್ನು ಎತ್ತಿಕೊಂಡದ್ದಕ್ಕೆ ಕಾರಣವಿದೆ. ಪೇಟೆಯ ಗ್ಯಾರೇಜು ಸಾಲಿನಿಂದ ಹಳ್ಳಕ್ಕೆ ಇಳಿಯುತ್ತಿರುವ ಕರಿ ಆಯಿಲಿನ ವಿಷಯವನ್ನು ವಿಧಾನಸಭೆಯ ಅರ್ಜಿಗಳ ಸಮಿತಿಗೆ ಒಯ್ಯಬೇಕೇ, ಒಯ್ದರೆ ಏನನ್ನು ಕೇಳಬೇಕು ಎಂಬ ಪ್ರಶ್ನೆ ನಾಳೆಯ ಸಭೆಯ ಮುಂದಿದೆ. ಗ್ಯಾರೇಜುಗಳನ್ನೇ ಅಲ್ಲಿಂದ ಎಬ್ಬಿಸಬೇಕು ಎನ್ನುವವರು ನಮ್ಮಲ್ಲಿದ್ದಾರೆ. ಎಷ್ಟು ಅರ್ಜಿ ಬರೆದರೂ ಏನೂ ಆಗುವುದಿಲ್ಲ ಎಂದು ಕೈಚೆಲ್ಲಿದವರೂ ಇದ್ದಾರೆ. ಈ ಎರಡೂ ಅಭಿಪ್ರಾಯಗಳ ಆಚೆಗೆ ಇನ್ನೊಂದು ದಾರಿಯುಂಟು ಎಂಬುದನ್ನು ತಮ್ಮ ಮುಂದೆ ಇಡುವುದು ನನ್ನ ಉದ್ದೇಶ. ಅದಕ್ಕಾಗಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಒಂದು ಅನುಭವವನ್ನು ತುಸು ವಿವರವಾಗಿ ಹೇಳಬೇಕಾಗಿದೆ. ಅಲ್ಲಿ ವಾಹನ ದುರಸ್ತಿ ಅಂಗಡಿಗಳನ್ನು ನಿಯಂತ್ರಿಸುವುದಕ್ಕೆಂದೇ ಒಂದು ಸರ್ಕಾರಿ ಸಂಸ್ಥೆಯಿದೆ. ಆ ಸಂಸ್ಥೆಯು ಕೆಲವು ವರ್ಷಗಳಿಗೊಮ್ಮೆ ಶಾಸನಸಭೆಯ ಮುಂದೆ ನಿಂತು ತನ್ನ ಕೆಲಸದ ಲೆಕ್ಕ ಒಪ್ಪಿಸಬೇಕೆಂಬ ನಿಯಮವೂ ಇದೆ.

ಪಾಲಕ್ ಸೊಪ್ಪು ಹೇಳಿದ ಸತ್ಯ

ಈ ಕಥೆ ಆರಂಭವಾಗುವುದು ತರಕಾರಿ ಹೊಲದಲ್ಲಿ ಎಂಬುದು ಕೃಷಿ ವಿಜ್ಞಾನದ ವಿದ್ಯಾರ್ಥಿಯಾದ ನನಗೆ ವಿಶೇಷವಾಗಿ ಕಂಡಿದೆ. 1943ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಮಬ್ಬೊಂದು ಕವಿಯಿತು. ಯುದ್ಧದ ಕಾಲವಾದ್ದರಿಂದ ಶತ್ರುಗಳು ವಿಷಾನಿಲ ಬಿಟ್ಟಿದ್ದಾರೆಂದು ಜನ ಹೆದರಿದರು. ಮುಂದಿನ ವರ್ಷಗಳಲ್ಲಿ ನಗರದ ಸುತ್ತಲಿನ ರೈತರು ಬೆಳೆದ ಸೊಪ್ಪು ತರಕಾರಿಗಳ ಎಲೆಯ ತಳಭಾಗ ಬೆಳ್ಳಿಯ ಬಣ್ಣಕ್ಕೂ ಕಂಚಿನ ಬಣ್ಣಕ್ಕೂ ತಿರುಗಿ ಒಣಗತೊಡಗಿತು. ಅದು ಕೀಟದ ಕಾಟವೂ ಆಗಿರಲಿಲ್ಲ, ಶಿಲೀಂಧ್ರದ ರೋಗವೂ ಆಗಿರಲಿಲ್ಲ.

ಆರಿ ಹಾಗೆನ್-ಸ್ಮಿತ್ ಎಂಬ ಡಚ್ ಮೂಲದ ವಿಜ್ಞಾನಿ ಪಸಡೇನಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಅನಾನಸಿನ ಪರಿಮಳ ಯಾವ ರಾಸಾಯನಿಕಗಳಿಂದ ಬರುತ್ತದೆ ಎಂದು ಶೋಧಿಸುತ್ತಿದ್ದವರು. ಅವರು ಈ ಮಬ್ಬಿನ ಕಡೆಗೆ ತಿರುಗಿದರು. ಪಾಲಕ್, ಬೀಟ್‌ರೂಟ್, ಓಟ್ಸ್, ಕುದುರೆ ಮೆಂತೆ ಮುಂತಾದ ಗಿಡಗಳನ್ನು ಕೋಣೆಯೊಳಗಿಟ್ಟು, ಪೆಟ್ರೋಲಿನ ಆವಿಯನ್ನೂ ಓಝೋನನ್ನೂ ಬೆರೆಸಿ ಹಾಯಿಸಿದಾಗ ಹೊಲದಲ್ಲಿ ಕಂಡ ಗಾಯಗಳೇ ಎಲೆಗಳ ಮೇಲೆ ಮೂಡಿದವು. ವಾಹನಗಳಿಂದಲೂ ತೈಲ ಶುದ್ಧೀಕರಣ ಘಟಕಗಳಿಂದಲೂ ಹೊರಡುವ ಹೈಡ್ರೋಕಾರ್ಬನ್ನುಗಳು ಹಾಗೂ ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಕೂಡಿ ಓಝೋನನ್ನು ಉಂಟುಮಾಡುತ್ತವೆ ಎಂದು 1950ರ ದಶಕದ ಆರಂಭದಲ್ಲಿ ಅವರು ತೋರಿಸಿಕೊಟ್ಟರು. ಕಾರು ತಯಾರಕರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಆದರೂ ಸಾಕ್ಷ್ಯ ಗಟ್ಟಿಯಾಗಿತ್ತು. 1968ರಲ್ಲಿ ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿ ಕಾರ್ಯಾರಂಭ ಮಾಡಿದಾಗ ಹಾಗೆನ್-ಸ್ಮಿತ್ ಅವರೇ ಅದರ ಮೊದಲ ಅಧ್ಯಕ್ಷರಾದರು.

ಇಲ್ಲಿಂದ ಗ್ಯಾರೇಜಿಗೆ ದಾರಿ ಹತ್ತಿರ. ಹೊಗೆ ಕಡಿಮೆ ಮಾಡುವ ಉಪಕರಣಗಳನ್ನು ಹೊಸ ಕಾರಿಗೆ ಕಡ್ಡಾಯ ಮಾಡಬಹುದು. ಆದರೆ ಕಾರು ಹಳೆಯದಾದಂತೆ ಎಂಜಿನ್ ಸವೆಯುತ್ತದೆ, ಹೊಂದಾಣಿಕೆ ತಪ್ಪುತ್ತದೆ, ಉಪಕರಣ ಕೆಡುತ್ತದೆ. ಕೆಟ್ಟ ಸ್ಥಿತಿಯಲ್ಲಿರುವ ಕೆಲವೇ ವಾಹನಗಳು ಉಳಿದ ಬಹುಪಾಲು ವಾಹನಗಳಿಗಿಂತ ಹೆಚ್ಚು ಹೊಗೆ ಉಗುಳುವುದು ಎಲ್ಲೆಡೆ ಕಂಡುಬಂದಿರುವ ಸಂಗತಿ. ಹೀಗಾಗಿ ಗಾಳಿಯ ಶುದ್ಧಿ ಕೊನೆಗೆ ನಿಲ್ಲುವುದು ದುರಸ್ತಿ ಮಾಡುವವನ ಕೈಯ ಪ್ರಾಮಾಣಿಕತೆಯ ಮೇಲೆ.

1971ರ ಕಾಯಿದೆ

ಆ ಕಾಲಕ್ಕೆ ಜನರಿಗೆ ಗ್ಯಾರೇಜಿನ ಬಗ್ಗೆ ಇದ್ದ ದೂರು ಹೊಗೆಯದ್ದಾಗಿರಲಿಲ್ಲ, ಮೋಸದ್ದಾಗಿತ್ತು. ಬೇಡದ ಬಿಡಿಭಾಗ ಹಾಕಿ ಬಿಲ್ಲು ಮಾಡುವುದು, ಹಾಕದ ಭಾಗಕ್ಕೂ ಹಣ ಪಡೆಯುವುದು ಸಾಮಾನ್ಯವಾಗಿತ್ತು. ಕ್ಯಾಲಿಫೋರ್ನಿಯಾದ ಶಾಸನಸಭೆಯು 1971ರಲ್ಲಿ ವಾಹನ ದುರಸ್ತಿ ಕಾಯಿದೆಯನ್ನು ಅಂಗೀಕರಿಸಿ, ಗ್ರಾಹಕ ವ್ಯವಹಾರಗಳ ಇಲಾಖೆಯೊಳಗೆ ವಾಹನ ದುರಸ್ತಿ ಬ್ಯೂರೋ ಎಂಬ ಸಂಸ್ಥೆಯನ್ನು ಸ್ಥಾಪಿಸಿತು.

ಈ ಕಾಯಿದೆಯ ಮುಖ್ಯಾಂಶಗಳು ಸರಳವಾಗಿವೆ. ಹಣ ಪಡೆದು ವಾಹನ ದುರಸ್ತಿ ಮಾಡುವ ಪ್ರತಿಯೊಂದು ಅಂಗಡಿಯೂ ನೋಂದಣಿಯಾಗಬೇಕು. ಕೆಲಸ ಆರಂಭಿಸುವ ಮೊದಲು ಅಂದಾಜು ವೆಚ್ಚವನ್ನು ಬರೆದು ಕೊಡಬೇಕು. ಗ್ರಾಹಕನ ಒಪ್ಪಿಗೆಯಿಲ್ಲದೆ ಆ ಅಂದಾಜನ್ನು ಮೀರುವಂತಿಲ್ಲ. ಮಾಡಿದ ಕೆಲಸವನ್ನೂ ಹಾಕಿದ ಭಾಗಗಳನ್ನೂ ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ಕಾಣಿಸಬೇಕು. ಕಳಚಿದ ಹಳೆಯ ಭಾಗವನ್ನು ಕೇಳಿದವರಿಗೆ, ಕೆಲವು ವಿನಾಯಿತಿಗಳನ್ನುಳಿದು, ಹಿಂದಿರುಗಿಸಬೇಕು. ಗಮನಿಸಬೇಕಾದ ಸಂಗತಿಯೆಂದರೆ, ಸಾಮಾನ್ಯ ದುರಸ್ತಿ ಅಂಗಡಿಯ ನೋಂದಣಿಗೆ ಪರೀಕ್ಷೆಯಾಗಲೀ ಪದವಿಯಾಗಲೀ ಬೇಕಿಲ್ಲ. ಕಾಯಿದೆ ಕೇಳುವುದು ಲಿಖಿತ ವ್ಯವಹಾರವನ್ನು.

ಬ್ಯೂರೋದ ತಪಾಸಣಾ ವಿಧಾನವೂ ತಿಳಿಯತಕ್ಕದ್ದು. ಇಂಥದ್ದೇ ದೋಷವಿದೆ ಎಂದು ಮೊದಲೇ ದಾಖಲಿಸಿಟ್ಟ ಕಾರನ್ನು ಸಾಮಾನ್ಯ ಗ್ರಾಹಕನ ವೇಷದಲ್ಲಿ ಅಂಗಡಿಗೆ ಕಳುಹಿಸುತ್ತಾರೆ. ಹಿಂದಿರುಗಿದ ಮೇಲೆ ಬಿಲ್ಲಿನೊಡನೆ ಕಾರನ್ನು ಹೋಲಿಸುತ್ತಾರೆ. 1992ರಲ್ಲಿ ಇದೇ ರೀತಿಯ ತನಿಖೆಯ ಆಧಾರದಲ್ಲಿ, ದೇಶದಾದ್ಯಂತ ಮಳಿಗೆಗಳಿದ್ದ ಸಿಯರ್ಸ್ ಕಂಪನಿಯ ವಾಹನ ಕೇಂದ್ರಗಳ ಮೇಲೆ ಬೇಡದ ದುರಸ್ತಿಗಳನ್ನು ಮಾರುತ್ತಿರುವ ಆರೋಪವನ್ನು ಬ್ಯೂರೋ ಹೊರಿಸಿತು. ಅಲ್ಲಿನ ನೌಕರರಿಗೆ ಮಾರಾಟದ ಗುರಿಯನ್ನೂ ಕಮಿಷನ್ನನ್ನೂ ಗೊತ್ತುಪಡಿಸಲಾಗಿತ್ತು. ಪ್ರಕರಣ ರಾಜಿಯಲ್ಲಿ ಮುಗಿಯಿತು, ಕಂಪನಿಯು ಸಲಹೆಗಾರ ನೌಕರರ ಕಮಿಷನ್ ಪದ್ಧತಿಯನ್ನು ಕೈಬಿಟ್ಟಿತು. ಸಂಸ್ಥೆಗೆ ಹಲ್ಲುಗಳಿದ್ದರೆ ದೊಡ್ಡವರನ್ನೂ ಮುಟ್ಟಬಹುದು ಎಂಬುದಕ್ಕೆ ಇದು ಉದಾಹರಣೆ.

ತಪಾಸಣೆ ಮಾಡುವವನೇ ದುರಸ್ತಿ ಮಾಡಿದರೆ

1984ರಲ್ಲಿ ಬ್ಯೂರೋಗೆ ಇನ್ನೊಂದು ಹೊಣೆ ಬಂತು. ವಾಹನಗಳು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆಗೆ ಒಳಗಾಗಿ ಪ್ರಮಾಣಪತ್ರ ಪಡೆಯಬೇಕೆಂಬ ಕಾರ್ಯಕ್ರಮ ಆರಂಭವಾಯಿತು. ಅದನ್ನು ಸ್ಮಾಗ್ ಚೆಕ್ ಎನ್ನುತ್ತಾರೆ. ತಪಾಸಣೆ ಮಾಡುವವರು ಖಾಸಗಿ ಅಂಗಡಿಯವರು. ಅವರಿಗೆ ಪರವಾನಗಿ ಕೊಟ್ಟು ಕಾಯುವುದು ಬ್ಯೂರೋದ ಕೆಲಸ.

ಇಲ್ಲಿ ಒಂದು ಮೂಲಭೂತ ತೊಡಕು ಎದುರಾಯಿತು. ತಪಾಸಣೆ ಮಾಡುವ ಅಂಗಡಿಯೇ ದುರಸ್ತಿಯನ್ನೂ ಮಾಡಿದರೆ, ನಪಾಸು ಮಾಡಿದಷ್ಟೂ ದುರಸ್ತಿಯ ಆದಾಯ ಹೆಚ್ಚುತ್ತದೆ. ಮತ್ತೊಂದೆಡೆ, ಸುಲಭವಾಗಿ ಪಾಸು ಮಾಡುವವನೆಂಬ ಹೆಸರು ಪಡೆದ ಅಂಗಡಿಗೆ ಗಿರಾಕಿಗಳ ಸಾಲು ನಿಲ್ಲುತ್ತದೆ. ಎರಡೂ ಕಡೆಯಿಂದ ಪ್ರಲೋಭನೆ. ಶುಚಿಯಾದ ಒಂದು ಕಾರಿನ ಹೊಗೆಯನ್ನು ಯಂತ್ರಕ್ಕೆ ಉಣಿಸಿ ಹೊಲಸು ಕಾರಿಗೆ ಪ್ರಮಾಣಪತ್ರ ಕೊಡುವ ವಂಚನೆಯೂ ಹುಟ್ಟಿಕೊಂಡಿತು.

ಅಮೆರಿಕದ ಕೇಂದ್ರ ಪರಿಸರ ಸಂಸ್ಥೆಯು 1992ರ ನಿಯಮಗಳಲ್ಲಿ, ತಪಾಸಣೆ ಮತ್ತು ದುರಸ್ತಿ ಒಂದೇ ಕಡೆ ನಡೆಯುವ ವ್ಯವಸ್ಥೆಗೆ ಅರ್ಧದಷ್ಟು ಮಾತ್ರ ಫಲವನ್ನು ಲೆಕ್ಕ ಹಿಡಿಯುವುದಾಗಿ ಹೇಳಿತು. ಎರಡನ್ನೂ ಬೇರ್ಪಡಿಸಿ ಎಂಬುದು ಅದರ ಇಂಗಿತ. ಕ್ಯಾಲಿಫೋರ್ನಿಯಾದ ಸಾವಿರಾರು ಸಣ್ಣ ಗ್ಯಾರೇಜುಗಳ ಜೀವನೋಪಾಯ ಇದರಲ್ಲಿ ಸಿಲುಕಿದ್ದರಿಂದ ರಾಜ್ಯ ಪ್ರತಿಭಟಿಸಿತು. 1994ರಲ್ಲಿ ಒಂದು ಮಧ್ಯಮ ಮಾರ್ಗ ಸಿದ್ಧವಾಯಿತು. ಹೆಚ್ಚು ಹೊಗೆ ಉಗುಳುವ ಸಂಭವವಿರುವ ವಾಹನಗಳನ್ನು ತಪಾಸಣೆ ಮಾತ್ರ ಮಾಡುವ ಕೇಂದ್ರಗಳಿಗೆ ಕಳುಹಿಸುವುದು, ಉಳಿದವನ್ನು ಸಾಮಾನ್ಯ ಅಂಗಡಿಗಳಿಗೆ ಬಿಡುವುದು ಎಂದಾಯಿತು. ಸಣ್ಣವರ ಹೊಟ್ಟೆಪಾಡನ್ನೂ ಊರಿನ ಗಾಳಿಯನ್ನೂ ಒಟ್ಟಿಗೆ ತೂಗಬೇಕಾದ ಕೆಲಸ ಅಧಿಕಾರಿಯೊಬ್ಬನ ಮೇಜಿನ ಮೇಲೆ ಮುಗಿಯಬಾರದು. ಅದು ಚುನಾಯಿತ ಸಭೆಯ ಕೆಲಸ ಎಂಬುದು ಈ ಪ್ರಸಂಗದಿಂದ ತಿಳಿಯುತ್ತದೆ.

ಸೂರ್ಯಾಸ್ತ ಪರಿಶೀಲನೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸರ್ಕಾರದ ಯಾವುದೇ ಸಂಸ್ಥೆ ಒಮ್ಮೆ ಹುಟ್ಟಿದರೆ ಸಾಯುವುದಿಲ್ಲ ಎಂಬುದು ಎಲ್ಲ ದೇಶಗಳ ಅನುಭವ. ಇದಕ್ಕೆ ಪರಿಹಾರವಾಗಿ 1976ರಲ್ಲಿ ಕೊಲರಾಡೋ ರಾಜ್ಯವು ಮೊದಲ ಬಾರಿಗೆ ಒಂದು ಕಾನೂನು ಮಾಡಿತು. ನಿಯಂತ್ರಣ ಸಂಸ್ಥೆಗಳಿಗೆ ಮುಕ್ತಾಯದ ದಿನಾಂಕವನ್ನು ಮೊದಲೇ ನಿಗದಿಪಡಿಸುವುದು, ಆ ದಿನದೊಳಗೆ ಶಾಸನಸಭೆ ಪರಿಶೀಲಿಸಿ ಹೊಸ ಆಯುಸ್ಸು ಕೊಟ್ಟರೆ ಮಾತ್ರ ಸಂಸ್ಥೆ ಮುಂದುವರಿಯುವುದು ಎಂಬುದು ಅದರ ತಿರುಳು. ಸೂರ್ಯ ಮುಳುಗುವ ಹೊತ್ತನ್ನು ಮೊದಲೇ ಬರೆದಿಟ್ಟಂತೆ ಇರುವುದರಿಂದ ಇದಕ್ಕೆ ಸೂರ್ಯಾಸ್ತ ಕಾನೂನು ಎಂಬ ಹೆಸರು ಬಂತು. ಕ್ಯಾಲಿಫೋರ್ನಿಯಾ 1994ರ ಕಾನೂನಿನಿಂದ ತನ್ನ ವೃತ್ತಿ ನಿಯಂತ್ರಣ ಮಂಡಳಿಗಳಿಗೆ ಈ ಪದ್ಧತಿಯನ್ನು ತಂದಿತು. ಮುಂದೆ ವಾಹನ ದುರಸ್ತಿ ಬ್ಯೂರೋ ಕೂಡ ಈ ಪರಿಶೀಲನೆಗೆ ಒಳಪಟ್ಟಿತು.

ಬ್ಯೂರೋದ ಮಟ್ಟಿಗೆ ಕಾಯಿದೆಯ ಮಾತುಗಳು ಸ್ವಾರಸ್ಯವಾಗಿವೆ. ಈ ಅಧ್ಯಾಯವು ಇಂಥ ದಿನ ರದ್ದಾಗಲಿದೆಯೋ ಎಂಬಂತೆ ಭಾವಿಸಿ ಪರಿಶೀಲನೆ ನಡೆಸತಕ್ಕದ್ದು ಎಂಬುದು ಅದರ ಭಾವಾರ್ಥ. 2023ರ ತಿದ್ದುಪಡಿಯ ನಂತರ ಆ ದಿನ 2028ರ ಜನವರಿ 1. ಬ್ಯೂರೋ ಅಂದು ತಾನಾಗಿಯೇ ಮುಚ್ಚಿಹೋಗುವುದಿಲ್ಲ. ಆದರೆ ಮುಚ್ಚಿಹೋಗುವ ಸಂಸ್ಥೆಯೊಂದು ಹೇಗೆ ತನ್ನ ಅಗತ್ಯವನ್ನು ಸಮರ್ಥಿಸಿಕೊಳ್ಳಬೇಕೋ ಹಾಗೆಯೇ ಅದೂ ಸಮರ್ಥಿಸಿಕೊಳ್ಳಬೇಕು.

ಪರಿಶೀಲನೆಯ ಕ್ರಮ ಹೀಗಿದೆ. ಶಾಸನಸಭೆಯ ಸಮಿತಿಗಳು ಕಳುಹಿಸಿದ ಪ್ರಶ್ನಾವಳಿಗೆ ಸಂಸ್ಥೆ ವಿವರವಾದ ವರದಿ ಬರೆಯಬೇಕು. ಎಷ್ಟು ದೂರು ಬಂತು, ಎಷ್ಟು ದಿನಗಳಲ್ಲಿ ಇತ್ಯರ್ಥವಾಯಿತು, ಎಷ್ಟು ಪರವಾನಗಿ ರದ್ದಾಯಿತು, ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಹಿಂದಿನ ಬಾರಿ ಎತ್ತಿದ ಪ್ರಶ್ನೆಗಳಿಗೆ ಏನು ಮಾಡಿದಿರಿ ಎಂಬುದೆಲ್ಲ ಅದರಲ್ಲಿ ಇರಬೇಕು. ಆ ವರದಿಯನ್ನು ಓದಿ ಸಮಿತಿಯ ಸಿಬ್ಬಂದಿ ಒಂದು ಹಿನ್ನೆಲೆ ಟಿಪ್ಪಣಿ ಸಿದ್ಧಪಡಿಸಿ ಸಮಸ್ಯೆಗಳನ್ನು ಒಂದೊಂದಾಗಿ ಪಟ್ಟಿ ಮಾಡುತ್ತಾರೆ. ಅನಂತರ ಎರಡೂ ಸದನಗಳ ಸಮಿತಿಗಳು ಸೇರಿ ಬಹಿರಂಗ ವಿಚಾರಣೆ ನಡೆಸುತ್ತವೆ. ಅಲ್ಲಿ ಗ್ಯಾರೇಜು ಮಾಲೀಕರ ಸಂಘ, ಗ್ರಾಹಕರು, ಪರಿಸರವಾದಿಗಳು ಯಾರು ಬೇಕಾದರೂ ಮಾತನಾಡಬಹುದು. ಎತ್ತಿದ ಪ್ರಶ್ನೆಗಳಿಗೆ ಸಂಸ್ಥೆ ಲಿಖಿತವಾಗಿ ಉತ್ತರಿಸಬೇಕು. ಕೊನೆಗೆ ಮಸೂದೆಯೊಂದು ಬಂದು, ಬೇಕಾದ ತಿದ್ದುಪಡಿಗಳೊಡನೆ ಸಾಮಾನ್ಯವಾಗಿ ಇನ್ನು ನಾಲ್ಕು ವರ್ಷಗಳ ಅವಧಿ ಕೊಡಲಾಗುತ್ತದೆ.

ನಮಗೆ ಇದು ಹೊಸದೆನಿಸಬೇಕಾಗಿಲ್ಲ. ನಮ್ಮ ಅಡಿಕೆ ಸೊಸೈಟಿಯ ವಾರ್ಷಿಕ ಮಹಾಸಭೆಯಲ್ಲಿ ಕಾರ್ಯದರ್ಶಿ ಜಮಾ ಖರ್ಚು ಓದುತ್ತಾರೆ. ಕೊನೆಯ ಸಾಲಿನಲ್ಲಿ ಕುಳಿತ ಸದಸ್ಯ ಎದ್ದು ನಿಂತು, ಕಳೆದ ಸಲ ಕೇಳಿದ ಪ್ರಶ್ನೆಗೆ ಉತ್ತರ ಎಲ್ಲಿ ಎಂದು ಕೇಳುತ್ತಾನೆ. ಆ ದಿನ ಬರುತ್ತದೆ ಎಂಬ ಅರಿವೇ ವರ್ಷದ ಉಳಿದ ದಿನಗಳಲ್ಲಿ ಲೆಕ್ಕವನ್ನು ನೆಟ್ಟಗೆ ಇಡಿಸುತ್ತದೆ.

ಅಳತೆ ಹೊರಗೆಡಹಿದ ಸಂಗತಿಗಳು

ಶಾಸನಸಭೆಯ ಮೇಲ್ವಿಚಾರಣೆ ಬರಿಯ ಮಾತಿನ ಸಭೆಯಾದರೆ ಪ್ರಯೋಜನವಿಲ್ಲ. ಅದರ ಬಲವಿರುವುದು ಅಳತೆಯನ್ನು ಕೇಳುವುದರಲ್ಲಿ. ಎರಡು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು, ಅಪಘಾತಕ್ಕೊಳಗಾದ ಕಾರುಗಳ ಬಾಡಿ ದುರಸ್ತಿಯದು. 2000ದಲ್ಲಿ ಅಂಗೀಕಾರವಾದ ಕಾನೂನೊಂದು, ದುರಸ್ತಿಯಾದ ಕಾರುಗಳನ್ನು ಉಚಿತವಾಗಿ ಪರೀಕ್ಷಿಸಿ ಸತ್ಯಸ್ಥಿತಿಯನ್ನು ಶಾಸನಸಭೆಗೆ ತಿಳಿಸಬೇಕೆಂದು ಬ್ಯೂರೋಗೆ ಸೂಚಿಸಿತು. ಬ್ಯೂರೋ ಸಾವಿರಕ್ಕೂ ಹೆಚ್ಚು ಕಾರುಗಳನ್ನು ಬಿಲ್ಲಿನೊಡನೆ ಹೋಲಿಸಿ ನೋಡಿ 2003ರಲ್ಲಿ ವರದಿ ಕೊಟ್ಟಿತು. ಶೇ. 42ರಷ್ಟು ಕಾರುಗಳಲ್ಲಿ ಬಿಲ್ಲಿಗೆ ಸೇರಿಸಿದ ಭಾಗವನ್ನೋ ಕೆಲಸವನ್ನೋ ವಾಸ್ತವವಾಗಿ ಒದಗಿಸಿರಲಿಲ್ಲ. ದೂರುಗಳ ಸಂಖ್ಯೆಯನ್ನು ಮಾತ್ರ ನೋಡುತ್ತಿದ್ದರೆ ಇದು ಎಂದೂ ಬೆಳಕಿಗೆ ಬರುತ್ತಿರಲಿಲ್ಲ. ಬಣ್ಣದ ಕೆಳಗೆ ಏನಿದೆ ಎಂಬುದನ್ನು ಕಾರಿನ ಒಡೆಯ ಕಾಣಲಾರ, ಕಾಣದಿದ್ದುದಕ್ಕೆ ದೂರು ಕೊಡಲಾರ.

ಎರಡನೆಯದು ಹೊಗೆ ತಪಾಸಣೆಯದು. ವರ್ಷವರ್ಷವೂ ಲಕ್ಷಾಂತರ ಪ್ರಮಾಣಪತ್ರಗಳು ವಿತರಣೆಯಾಗುತ್ತಿದ್ದವು. ಕಾಗದದ ಮೇಲೆ ಕಾರ್ಯಕ್ರಮ ಯಶಸ್ವಿಯಾಗಿತ್ತು. ಆದರೆ ರಸ್ತೆಯ ಬದಿಯಲ್ಲಿ ಯಾದೃಚ್ಛಿಕವಾಗಿ ವಾಹನಗಳನ್ನು ನಿಲ್ಲಿಸಿ ಅಳೆದ ಮಾಹಿತಿಯನ್ನು ಆಧರಿಸಿ 2009ರಲ್ಲಿ ಒಂದು ಸ್ವತಂತ್ರ ಮೌಲ್ಯಮಾಪನ ಹೊರಬಂತು. ಮೊದಲು ನಪಾಸಾಗಿ, ಅನಂತರ ಪಾಸಾದ ಹಳೆಯ ಮಾದರಿಯ ಕಾರುಗಳಲ್ಲಿ ಶೇ. 49ರಷ್ಟು, ಪ್ರಮಾಣಪತ್ರ ಪಡೆದ ಒಂದು ವರ್ಷದೊಳಗೇ ರಸ್ತೆಬದಿಯ ಪರೀಕ್ಷೆಯಲ್ಲಿ ಮತ್ತೆ ನಪಾಸಾಗಿದ್ದವು. ಅರ್ಧಕ್ಕರ್ಧ ದುರಸ್ತಿಗಳು ನಿಂತಿರಲಿಲ್ಲ, ಇಲ್ಲವೇ ನಡೆದೇ ಇರಲಿಲ್ಲ.

ಶಾಸನಸಭೆ ಇದನ್ನು ಕೈಗೆತ್ತಿಕೊಂಡಿತು. 2010ರ ಕಾನೂನು ದಂಡಗಳನ್ನು ಹೆಚ್ಚಿಸಿತು, ತಪಾಸಣಾ ಕೇಂದ್ರಗಳನ್ನು ಅವುಗಳ ಫಲಿತಾಂಶದ ಮೇಲೆ ಅಳೆಯಬೇಕೆಂದು ಹೇಳಿತು. 2013ರಿಂದ ಜಾರಿಗೆ ಬಂದ ಸ್ಟಾರ್ ಎಂಬ ವ್ಯವಸ್ಥೆಯಲ್ಲಿ ಒಂದು ಕೇಂದ್ರ ಪಾಸು ಮಾಡಿದ ಕಾರುಗಳು ಮುಂದಿನ ತಪಾಸಣೆಯಲ್ಲಿ ಎಷ್ಟರಮಟ್ಟಿಗೆ ಪಾಸಾಗುತ್ತವೆ ಎಂಬುದನ್ನು ಲೆಕ್ಕ ಹಾಕುತ್ತಾರೆ. ಇಂದು ಕೊಟ್ಟ ಪ್ರಮಾಣಪತ್ರಕ್ಕೆ ಎರಡು ವರ್ಷದ ನಂತರವೂ ಕೇಂದ್ರವೇ ಉತ್ತರದಾಯಿ. ಬಿತ್ತನೆ ಬೀಜದ ಚೀಲದ ಮೇಲಿನ ಚೀಟಿಯನ್ನು ನೋಡಿ ಬೀಜದ ಗುಣ ಹೇಳಲಾಗದು, ಮೊಳಕೆ ಎಣಿಸಬೇಕು. ಇಲ್ಲಿ ಆದದ್ದು ಆ ಎಣಿಕೆ.

ಬಡವನ ಹಳೆಯ ಜೀಪು

ಹಳ್ಳಿಯ ಬಂಧುಗಳಲ್ಲಿ ಒಂದು ಆತಂಕ ಇರಬಹುದು. ನಿಯಮ ಬಿಗಿಯಾದರೆ ಮೊದಲು ಪೆಟ್ಟು ಬೀಳುವುದು ಹಳೆಯ ಜೀಪು ಇಟ್ಟುಕೊಂಡವನಿಗೆ, ಟಾರ್ಪಾಲು ಕಟ್ಟಿಕೊಂಡು ರಸ್ತೆಬದಿಯಲ್ಲಿ ಕೆಲಸ ಮಾಡುವ ಮೇಸ್ತ್ರಿಗೆ. ಈ ಆತಂಕ ಸಕಾರಣವಾದದ್ದು. ಕ್ಯಾಲಿಫೋರ್ನಿಯಾದಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಅಲ್ಲಿ ಬ್ಯೂರೋವೇ ನಡೆಸುವ ಗ್ರಾಹಕ ನೆರವು ಕಾರ್ಯಕ್ರಮದಲ್ಲಿ, ಹೊಗೆ ತಪಾಸಣೆಯಲ್ಲಿ ನಪಾಸಾದ ಕಾರಿನ ದುರಸ್ತಿಗೆ ಕಡಿಮೆ ಆದಾಯದವರಿಗೆ ಹಣ ಸಿಗುತ್ತದೆ. ಕಾರನ್ನು ಶಾಶ್ವತವಾಗಿ ಗುಜರಿಗೆ ಹಾಕಲು ಒಪ್ಪಿದರೆ ಅದಕ್ಕೂ ಹಣವುಂಟು. ಸಣ್ಣಪುಟ್ಟ ತಪ್ಪು ಮಾಡಿದ ಅಂಗಡಿಗಳು ತರಬೇತಿ ಪಡೆದು ಸುಧಾರಿಸಿಕೊಳ್ಳುವ ಅವಕಾಶವನ್ನು 2021ರ ಶಾಸನವೊಂದು ಕಲ್ಪಿಸಿತು.

ಆ ವ್ಯವಸ್ಥೆಯನ್ನು ಹೊಗಳಿ ಅಟ್ಟಕ್ಕೇರಿಸಲು ನಾನು ಬಂದಿಲ್ಲ. ವಿಚಾರಣೆಯ ದಿನ ರಾಜಧಾನಿಗೆ ಬಂದು ಕುಳಿತುಕೊಳ್ಳುವ ಶಕ್ತಿ ಮಾಲೀಕರ ಸಂಘಗಳಿಗೂ ವಿಮಾ ಕಂಪನಿಗಳಿಗೂ ಇರುವಷ್ಟು ಸಾಮಾನ್ಯ ಗ್ರಾಹಕನಿಗೆ ಇರುವುದಿಲ್ಲ. ತಪಾಸಣೆಯ ತಂತ್ರ ಬದಲಾದಂತೆ ವಂಚನೆಯ ತಂತ್ರವೂ ಬದಲಾಗಿದೆ. 2015ರಿಂದ 2000 ಮತ್ತು ಅನಂತರದ ಮಾದರಿಯ ಬಹುಪಾಲು ಕಾರುಗಳನ್ನು ಅವುಗಳೊಳಗಿನ ಕಂಪ್ಯೂಟರಿಗೆ ತಂತಿ ಜೋಡಿಸಿ ಪರೀಕ್ಷಿಸಲಾಗುತ್ತದೆ. ಬೇರೊಂದು ಕಾರಿಗೆ ತಂತಿ ಜೋಡಿಸಿ ಪ್ರಮಾಣಪತ್ರ ಪಡೆಯುವವರೂ ಸಿಕ್ಕಿಬಿದ್ದಿದ್ದಾರೆ. ಇಷ್ಟಾದರೂ ಒಂದು ಮಾತು ನಿಜ. ತಪ್ಪನ್ನು ಅಳೆದು, ಸಾರ್ವಜನಿಕವಾಗಿ ಹೇಳಿ, ಕಾನೂನಿನಲ್ಲಿ ತಿದ್ದುವ ಒಂದು ದಿನ ಅಲ್ಲಿ ನಿಗದಿಯಾಗಿದೆ.

ನಮ್ಮ ಹಳ್ಳದ ಕಡೆಗೆ

ಈಗ ಘಟ್ಟದ ಕೆಳಗಿನ ನಮ್ಮ ಪೇಟೆಗೆ ಬರೋಣ. ನಮ್ಮಲ್ಲಿ ಗ್ಯಾರೇಜಿಗಾಗಿಯೇ ಮೀಸಲಾದ ಒಂದು ಸಂಸ್ಥೆಯಿಲ್ಲ. ವ್ಯಾಪಾರ ಪರವಾನಗಿ ಸ್ಥಳೀಯ ಸಂಸ್ಥೆಯದು, ಹೊಗೆ ತಪಾಸಣಾ ಕೇಂದ್ರಗಳು ಸಾರಿಗೆ ಇಲಾಖೆಯವು, ನೀರು ಮತ್ತು ತ್ಯಾಜ್ಯದ ವಿಷಯ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಮೂವರ ನಡುವೆ ಹಳ್ಳ ಯಾರದ್ದೂ ಅಲ್ಲವಾಗಿದೆ.

ಕಾನೂನಿನ ಕೊರತೆಯೇನೂ ನಮಗಿಲ್ಲ. ಹರಿಯುವ ನೀರಿಗೆ ಮಾಲಿನ್ಯಕಾರಕ ವಸ್ತುವನ್ನು ಬಿಡುವುದನ್ನು 1974ರ ಜಲ ಕಾಯಿದೆಯ 24ನೇ ಕಲಮು ನಿಷೇಧಿಸುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2016ರ ವರ್ಗೀಕರಣದಲ್ಲಿ ವಾಹನ ಸರ್ವಿಸಿಂಗ್, ದುರಸ್ತಿ ಹಾಗೂ ಬಣ್ಣ ಬಳಿಯುವ ಕೆಲಸವನ್ನು ಕಿತ್ತಳೆ ವರ್ಗಕ್ಕೆ ಸೇರಿಸಲಾಗಿತ್ತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಂಜಿನ್ ಆಯಿಲು ಅಪಾಯಕಾರಿ ತ್ಯಾಜ್ಯ. ಅದು ಅಧಿಕೃತ ಮರುಶುದ್ಧೀಕರಣ ಘಟಕಕ್ಕೆ ಹೋಗಬೇಕು. 2023ರ ತಿದ್ದುಪಡಿಯಿಂದಾಗಿ, 2024ರ ಏಪ್ರಿಲ್ 1ರಿಂದ ಆಯಿಲು ತಯಾರಿಸುವವರಿಗೂ ಆಮದು ಮಾಡುವವರಿಗೂ ಅದನ್ನು ಹಿಂದಕ್ಕೆ ಪಡೆದು ಮರುಬಳಕೆ ಮಾಡಿಸುವ ಹೊಣೆ ಬಂದಿದೆ. ಈ ಕರಿ ಆಯಿಲಿನಲ್ಲಿ ಸವೆದ ಲೋಹದ ಕಣಗಳೂ ಸುಟ್ಟ ಇಂಧನದ ವಿಷಗಳೂ ಸೇರಿರುತ್ತವೆ. ನೀರಿನ ಮೇಲೆ ತೆಳುಪೊರೆಯಾಗಿ ಹರಡಿ ಗಾಳಿಯ ಆಮ್ಲಜನಕ ಒಳಗಿಳಿಯದಂತೆ ಮಾಡುತ್ತದೆ. ಗೆದ್ದಲು ಬಾರದಿರಲೆಂದು ಬೇಲಿಯ ಗೂಟಕ್ಕೆ ಇದನ್ನು ಬಳಿಯುವ ಅಭ್ಯಾಸ ನಮ್ಮ ಮನೆಗಳಲ್ಲಿಯೂ ಇದೆ. ಮಳೆಗಾಲದಲ್ಲಿ ಆ ಗೂಟದ ಬುಡದಿಂದಲೂ ಅದು ತೋಟದ ಮಣ್ಣಿಗೆ ಇಳಿಯುತ್ತದೆ.

ತಪಾಸಣೆ ಮತ್ತು ದುರಸ್ತಿಯನ್ನು ಬೇರ್ಪಡಿಸುವ ತತ್ತ್ವ ಕೂಡ ನಮ್ಮ ಕಾನೂನಿಗೆ ಬಂದಾಗಿದೆ. ವಾಹನಗಳ ಯೋಗ್ಯತೆಯನ್ನು ಯಂತ್ರಗಳಿಂದ ಪರೀಕ್ಷಿಸುವ ಸ್ವಯಂಚಾಲಿತ ಕೇಂದ್ರಗಳಿಗೆ ಸಂಬಂಧಿಸಿದ 2021ರ ನಿಯಮಗಳಲ್ಲಿ, ಅಂಥ ಕೇಂದ್ರವನ್ನು ನಡೆಸುವವರು ವಾಹನ ದುರಸ್ತಿಯನ್ನಾಗಲೀ ಬಿಡಿಭಾಗಗಳ ಮಾರಾಟವನ್ನಾಗಲೀ ಮಾಡುವಂತಿಲ್ಲ ಎಂದು ಹೇಳಲಾಗಿದೆ.

ಹಾಗಾದರೆ ಕೊರತೆಯಿರುವುದು ಎಲ್ಲಿ? ಈ ಕಾನೂನುಗಳನ್ನು ಜಾರಿ ಮಾಡುವವರನ್ನು ಅವರ ಫಲಿತಾಂಶದ ಮೇಲೆ ಅಳೆಯುವ ದಿನವೊಂದು ನಮ್ಮಲ್ಲಿ ಗೊತ್ತಾಗಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಸೂರ್ಯಾಸ್ತದ ದಿನಾಂಕವಿಲ್ಲ. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಅದೇ ಜಲ ಕಾಯಿದೆಯ 39ನೇ ಕಲಮಿನ ಪ್ರಕಾರ ರಾಜ್ಯ ಮಂಡಳಿಯು ಆರ್ಥಿಕ ವರ್ಷ ಮುಗಿದ ನಾಲ್ಕು ತಿಂಗಳೊಳಗೆ ವಾರ್ಷಿಕ ವರದಿಯನ್ನು ಸರ್ಕಾರಕ್ಕೆ ಕಳುಹಿಸಬೇಕು. ಸರ್ಕಾರವು ಒಂಬತ್ತು ತಿಂಗಳೊಳಗೆ ಅದನ್ನು ವಿಧಾನಮಂಡಲದ ಮುಂದಿಡಬೇಕು. ಮಹಾಲೇಖಪಾಲರ ವರದಿಗಳನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯಿದೆ. ಪ್ರಶ್ನೋತ್ತರ ಕಲಾಪವಿದೆ, ಅರ್ಜಿಗಳ ಸಮಿತಿಯಿದೆ. 2005ರಿಂದ ಮಾಹಿತಿ ಹಕ್ಕು ಇದೆ. ಸದನದ ಮೇಜಿನ ಮೇಲಿಟ್ಟ ವರದಿಯನ್ನು ಯಾರಾದರೂ ತೆರೆದು ಪ್ರಶ್ನೆ ಕೇಳಬೇಕು. ನಾವು ಕೇಳಿಸದಿದ್ದರೆ ಘಟ್ಟದ ಒಂದು ಹಳ್ಳದ ಬಗ್ಗೆ ಕೇಳುವವರು ಬೇರೆ ಯಾರಿದ್ದಾರೆ?

ನಾಳೆಯ ಸಭೆಗೆ ನನ್ನ ಸಲಹೆ

ಒಂದು: ನಮ್ಮ ಅರ್ಜಿಯಲ್ಲಿ ಗ್ಯಾರೇಜುಗಳನ್ನು ಮುಚ್ಚಿ ಎಂದು ಕೇಳುವುದು ಬೇಡ. ಮುಚ್ಚಿದರೆ ಅವು ಇನ್ನೊಂದು ಹಳ್ಳದ ದಡಕ್ಕೆ ಹೋಗುತ್ತವೆ, ಮೇಸ್ತ್ರಿಗಳು ನಮ್ಮ ವಿರೋಧಿಗಳಾಗುತ್ತಾರೆ. ಆ ಅಂಗಡಿಗಳಲ್ಲಿ ಕೆಲಸ ಮಾಡುವವರು ನಮ್ಮ ಮನೆಗಳ ಹುಡುಗರೇ.

ಎರಡು: ನಾವು ಕೇಳಬೇಕಾದದ್ದು ಲೆಕ್ಕ. ನಮ್ಮ ತಾಲ್ಲೂಕಿನಲ್ಲಿ ಎಷ್ಟು ಗ್ಯಾರೇಜುಗಳಿವೆ, ಎಷ್ಟಕ್ಕೆ ಮಂಡಳಿಯ ಸಮ್ಮತಿ ಇದೆ, ಕಳೆದ ಐದು ವರ್ಷಗಳಲ್ಲಿ ಎಷ್ಟು ಬಾರಿ ಪರಿಶೀಲನೆ ನಡೆಯಿತು, ಎಷ್ಟು ಲೀಟರ್ ಕರಿ ಆಯಿಲು ಅಧಿಕೃತ ಸಂಗ್ರಾಹಕರಿಗೆ ಹೋಯಿತು, ಹಳ್ಳದ ನೀರನ್ನು ಎಲ್ಲಿ, ಯಾವ ತಿಂಗಳಿನಲ್ಲಿ ಪರೀಕ್ಷಿಸಲಾಯಿತು ಎಂಬ ಐದು ಪ್ರಶ್ನೆಗಳು ಸಾಕು. ನಮ್ಮ ಶಾಸಕರ ಮೂಲಕ ಸದನದಲ್ಲಿಯೂ, ಮಾಹಿತಿ ಹಕ್ಕಿನ ಮೂಲಕ ಕಚೇರಿಯಲ್ಲಿಯೂ ಇವನ್ನೇ ಕೇಳಬೇಕು. ಎರಡು ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಬೇಕು.

ಮೂರು: ಈ ಪ್ರಶ್ನೆಗಳನ್ನು ಪ್ರತಿ ಎರಡು ವರ್ಷಕ್ಕೊಮ್ಮೆ, ಅದೇ ಮಾತುಗಳಲ್ಲಿ, ಮತ್ತೆ ಕೇಳುವುದೆಂದು ಬಳಗ ನಿರ್ಣಯಿಸಬೇಕು. ಒಮ್ಮೆ ಕೇಳಿ ಮರೆತ ಪ್ರಶ್ನೆಗೆ ಒಮ್ಮೆ ಉತ್ತರ ಬಂದು ಕಡತ ಮುಗಿಯುತ್ತದೆ. ಕಾನೂನು ನಮಗೆ ಸೂರ್ಯಾಸ್ತದ ದಿನಾಂಕ ಕೊಡದಿದ್ದರೆ ನಮ್ಮ ಮಟ್ಟಿಗೆ ನಾವೇ ಅದನ್ನು ಗೊತ್ತುಮಾಡಿಕೊಳ್ಳೋಣ.

ನಾಲ್ಕು: ವಿದ್ಯಾರ್ಥಿ ಮಿತ್ರರು ಗ್ಯಾರೇಜುಗಳಿಗೆ ಹೋಗಿ ಮಾತನಾಡಿಸಲಿ. ಕರಿ ಆಯಿಲನ್ನು ಯಾರು ಕೊಳ್ಳುತ್ತಾರೆ, ಡ್ರಮ್ಮು ಇಡಲು ಜಾಗವಿದೆಯೇ, ಸಂಗ್ರಹಕ್ಕೆ ಯಾರಾದರೂ ಬರುತ್ತಾರೆಯೇ ಎಂದು ಕೇಳಿ ಬರೆದುಕೊಳ್ಳಲಿ. ಹೆಸರು ಬರೆಯುವುದು ಬೇಡ, ಆಪಾದನೆಯ ಧಾಟಿಯೂ ಬೇಡ. ಹಳ್ಳದ ಮೇಲಿನ ಬದಿಯಲ್ಲೊಂದು, ಗ್ಯಾರೇಜು ಸಾಲಿನ ಕೆಳಗೊಂದು, ನಮ್ಮ ಊರಿನ ನೀರು ತೆಗೆಯುವ ಗುಂಡಿಯ ಬಳಿ ಒಂದು, ಹೀಗೆ ಮೂರು ಜಾಗಗಳಲ್ಲಿ ಮಳೆಗಾಲದ ಮೊದಲೂ ಅನಂತರವೂ ನೀರಿನ ಮಾದರಿ ಸಂಗ್ರಹಿಸುವ ಕ್ರಮವನ್ನು ನಾನು ಕಲಿಸಿಕೊಡುತ್ತೇನೆ. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವ ಖರ್ಚನ್ನು ಬಳಗ ಭರಿಸಲಿ.

ಐದು: ಕರಿ ಆಯಿಲು ಸಂಗ್ರಹಿಸುವ ವಾಹನ ತಿಂಗಳಿಗೊಮ್ಮೆಯಾದರೂ ಘಟ್ಟದ ಪೇಟೆಗಳಿಗೆ ಬರುವಂತೆ ವ್ಯವಸ್ಥೆ ಮಾಡಬೇಕೆಂಬುದನ್ನು ಅರ್ಜಿಯಲ್ಲಿ ಬೇಡಿಕೆಯಾಗಿ ಸೇರಿಸೋಣ. ಈ ಬೇಡಿಕೆಗೆ ಮೇಸ್ತ್ರಿಗಳ ಸಹಿಯೂ ಸಿಗುತ್ತದೆಂಬ ನಂಬಿಕೆ ನನಗಿದೆ. ಅವರ ಸಹಿ ಇರುವ ಅರ್ಜಿಯನ್ನು ಪರಿಸರವಾದಿಗಳ ಗಲಾಟೆ ಎಂದು ಬದಿಗಿಡುವುದು ಯಾವ ಸಮಿತಿಗೂ ಕಷ್ಟ.

ಮಿತ್ರರೇ, ಕ್ಯಾಲಿಫೋರ್ನಿಯಾದಲ್ಲಿ ಎಲೆಯ ಮೇಲಿನ ಕಲೆಯಿಂದ ಕಾಯಿದೆಯವರೆಗೆ ತಲುಪಲು ಸುಮಾರು 30 ವರ್ಷ ಹಿಡಿಯಿತು. ಆ ಕಾಯಿದೆ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ರಸ್ತೆಯ ಬದಿಯಲ್ಲಿ ಅಳೆದು ತಿದ್ದಲು ಮತ್ತೆ 40 ವರ್ಷ ಬೇಕಾಯಿತು. ನಮಗೆ ಕಾಯಿದೆ ಸಿದ್ಧವಾಗಿ ದೊರೆತಿದೆ, ಅಳೆಯುವ ಕೆಲಸ ಮಾತ್ರ ಉಳಿದಿದೆ. ಮುಂಗಾರಿನ ಮೊದಲ ಹೊಳೆನೀರು ಬರುವ ಮೊದಲು ಮೊದಲ ಮಾದರಿಯನ್ನು ತೆಗೆಯಬೇಕಾಗಿರುವುದರಿಂದ, ಹೆಸರು ಕೊಡಲಿಚ್ಛಿಸುವ ವಿದ್ಯಾರ್ಥಿಗಳು ಇಂದು ಸಂಜೆಯೇ ಕೊಡಬೇಕೆಂದು ಕೋರುತ್ತೇನೆ.